ಸಾರ್ವಜನಿಕ ಉತ್ತರಾಧಿಕಾರಿ

ಊರಿನ ಆಡಳಿತ ಕಚೇರಿಯ ಮೂರನೇ ಮಹಡಿಯಲ್ಲಿ, ಎಲ್ಲ ಕೋಣೆಗಳೂ ಮುಗಿದ ಮೇಲೆ, ಮರೆತದ್ದು ನೆನಪಾಗಿ ಕಟ್ಟಿದಂತಿದ್ದ ಒಂದು ಕೋಣೆಗೆ ಅಹವಾಲು ವಿಭಾಗ ಎಂದು ಹೆಸರು. ಕಿಟಕಿ ಒಂದೇ ಒಂದು. ಅದನ್ನು ತೆರೆದರೆ ಪಕ್ಕದ ಕಟ್ಟಡದ ಪಾಚಿಗಟ್ಟಿದ ಗೋಡೆ ಮೂಗಿಗೆ ತಾಗುತ್ತಿತ್ತು. ಹಾಗಾಗಿ ಅದನ್ನು ಯಾರೂ ತೆರೆಯುತ್ತಿರಲಿಲ್ಲ. ಆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಒಬ್ಬ ಗುಮಾಸ್ತ ಕೂತಿದ್ದ. ಊರಿನ ಜನ ಬರೆದ ದೂರುಗಳಿಗೆ ಉತ್ತರ ಬರೆಯುವುದು ಅವನ ಕೆಲಸ.

ದೂರುಗಳು ನೂರೆಂಟು ತರಹ. ಉತ್ತರ ಮಾತ್ರ ಒಂದೇ. "ತಮ್ಮ ಪತ್ರ ತಲುಪಿದೆ. ವಿಷಯವು ಪರಿಶೀಲನೆಯಲ್ಲಿದೆ." ಕೆಳಗೆ ಸಹಿ. ಸಹಿ ಬಹಳ ಚೆನ್ನಾಗಿತ್ತು, ಅದನ್ನು ಶತ್ರುಗಳೂ ಒಪ್ಪುತ್ತಿದ್ದರು. ಈ ಒಂದು ಉತ್ತರದಿಂದಾಗಿ ಕಚೇರಿಯಲ್ಲಿ ಅವನ ನಿಜವಾದ ಹೆಸರು ಎಲ್ಲರಿಗೂ ಮರೆತುಹೋಗಿ, 'ಪರಿಶೀಲನೆ' ಎಂಬುದೇ ಕಾಯಂ ಆಗಿತ್ತು. "ಪರಿಶೀಲನೆ ಊಟಕ್ಕೆ ಹೋಗಿದಾರೆ", "ಪರಿಶೀಲನೆಗೆ ನೆಗಡಿಯಂತೆ" ಎಂದು ಜನ ಸಹಜವಾಗಿಯೇ ಮಾತಾಡಿಕೊಳ್ಳುತ್ತಿದ್ದರು.

ಅವನ ಹೆಂಡತಿಗೆ ಒಂದು ಅಂತರರಾಷ್ಟ್ರೀಯ ಶಾಲೆಯ ಪುಸ್ತಕಾಲಯದಲ್ಲಿ ಕೆಲಸ ಸಿಕ್ಕಿತು. ಜೊತೆಗೆ ಒಂಬತ್ತು ವರ್ಷದ ಮಗಳಿಗೆ ಅದೇ ಶಾಲೆಯ ಪ್ರಾಥಮಿಕ ವಿಭಾಗದಲ್ಲಿ ಜಾಗವೂ ಸಿಕ್ಕಿತು. ಸೇರಿಸುವ ದಿನ ನಾಲ್ಕು ಪುಟದ ಅರ್ಜಿ ಕೊಟ್ಟರು. ಅದರಲ್ಲಿ 'ತಂದೆಯ ವೃತ್ತಿ' ಎಂಬ ಜಾಗ. ಪಕ್ಕದ ಕುರ್ಚಿಯವರು ಶಸ್ತ್ರವೈದ್ಯರು ಎಂದು ಬರೆದಿದ್ದನ್ನು ಅವನು ಓರೆಗಣ್ಣಿನಿಂದ ನೋಡಿದ. ಆಚೆಯವರು ಹಡಗಿನ ಕಪ್ತಾನ. 'ಗುಮಾಸ್ತ' ಎಂದು ಬರೆಯಲು ಹೊರಟ ಪೆನ್ನು ಗಾಳಿಯಲ್ಲೇ ನಿಂತಿತು. ನಾನು ಮಾಡುವುದೇನು? ಉತ್ತರ ಕೊಡುವುದು. ಉತ್ತರ ಕೊಡುವ ಅಧಿಕಾರಿ. ಎರಡನ್ನೂ ವ್ಯಾಕರಣದ ಪ್ರಕಾರವೇ ಕೂಡಿಸಿ, ಮುಂದೊಂದು ಗೌರವದ ಮಾತು ಸೇರಿಸಿ, ತನ್ನ ಚೆಂದದ ಅಕ್ಷರದಲ್ಲಿ ಬರೆದ: 'ಸಾರ್ವಜನಿಕ ಉತ್ತರಾಧಿಕಾರಿ.'

ಅರ್ಜಿ ತೆಗೆದುಕೊಂಡ ಟೀಚರಮ್ಮ ಚಿಕ್ಕ ವಯಸ್ಸಿನವರು, ನಗುಮುಖದವರು. ಓದಿ ಹುಬ್ಬೇರಿಸಿದರು. "ಯಾರ ಉತ್ತರಾಧಿಕಾರಿ ಸಾರ್?"

"ಸಾರ್ವಜನಿಕರದ್ದು" ಎಂದ ಅವನು ವಿನಯದಿಂದ.

ಅರಮನೆ ಗಿರಮನೆ ಏನಾದರೂ ಇದ್ದೀತು ಎಂದುಕೊಂಡು ಟೀಚರಮ್ಮ ಹೆಚ್ಚು ಕೆದಕಲಿಲ್ಲ. ಬದಲಿಗೆ ಶಾಲೆಯ ಪದ್ಧತಿ ವಿವರಿಸಿದರು. "ನಮ್ಮಲ್ಲಿ ಬಾಯಿಪಾಠ ಇಲ್ಲ. ವಿಚಾರಣೆಯ ಮೂಲಕವೇ ಕಲಿಕೆ. ಮಕ್ಕಳೇ ಪ್ರಶ್ನೆ ಕೇಳ್ತಾರೆ, ಮಕ್ಕಳೇ ಹೋಗಿ ನೋಡ್ತಾರೆ, ಮಕ್ಕಳೇ ಕಂಡುಹಿಡೀತಾರೆ."

"ಉತ್ತರ ನೀವು ಯಾವಾಗ ಹೇಳಿಕೊಡ್ತೀರಿ?"

"ಹೇಳಿಕೊಡೋದಿಲ್ಲ."

ಅವನಿಗೆ ರೋಮಾಂಚನವಾಯಿತು. "ನಮ್ಮ ಆಫೀಸಲ್ಲೂ ಇದೇ ಪದ್ಧತಿ ಮೇಡಂ" ಎಂದ.

ಮನೆಯಲ್ಲಿ ಈ ಪದ್ಧತಿಯ ಮೊದಲ ಬಲಿ ಅವನ ಅತ್ತೆ. ಮಗಳ ಸಂಸಾರದ ಜೊತೆಗೇ ಇದ್ದ ಆಕೆ ತನ್ನ ಕಾಲದಲ್ಲಿ ಇಡೀ ಬೀದಿಯ ಮಕ್ಕಳಿಗೆ ಮಗ್ಗಿ ಕಲಿಸಿದವರು. ಒಂದು ತಿಂಗಳಾಗುವಷ್ಟರಲ್ಲಿ ಅಳಿಯನ ಮುಂದೆ ಬಂದು ನಿಂತರು.

"ಅಳಿಯಂದಿರೇ, ಏಳೆಂಟಲೆ ಎಷ್ಟು ಅಂತ ಕೇಳಿದರೆ ನಿನಗೇನನ್ನಿಸುತ್ತೆ ಅಜ್ಜಿ ಅಂತಾಳೆ. ನನಗೇನನ್ನಿಸಬೇಕು? ಐವತ್ತಾರು ಅನ್ನಿಸುತ್ತೆ. ಐವತ್ತಾರು ಅಂತ ನಿನಗೆ ಹೇಗೆ ಗೊತ್ತು ಅಂತಾಳೆ. ಮೂರು ದಿನದಿಂದ ಕಾಳು ಎಣಿಸ್ತಾ ಕೂತಿದೀವಿ. ನಿನ್ನೆ ಐವತ್ತೈದು ಬಂತು. ನನಗೇ ಅನುಮಾನ ಶುರುವಾಗಿದೆ."

"ಪರಿಶೀಲಿಸೋಣ ಅತ್ತೆ" ಎಂದ ಅಳಿಯ.

ಅವನ ತಲೆಯೊಳಗೆ ಮನೆಗೊಂದು ಕಪಾಟು, ಕಚೇರಿಗೊಂದು ಕಪಾಟು. ಒಂದರ ಬಾಗಿಲು ತೆಗೆದಾಗ ಇನ್ನೊಂದಕ್ಕೆ ಬೀಗ. ಹೀಗಾಗಿ ಒಂದು ಸಂಜೆ ಮಗಳು, "ಅಪ್ಪಾ, ಈ ಸಲ ನಮ್ಮ ವಿಷಯ 'ಊರು ಹೇಗೆ ನಡೆಯುತ್ತದೆ'. ಬುಧವಾರ ನಿನ್ನ ಆಫೀಸಿಗೆ ನಾವೆಲ್ಲ ಬರಬೇಕು ಅಂತ ಟೀಚರ್ ಕಾಗದ ಬರೆದಿದಾರೆ. ಬರಬಹುದಾ?" ಎಂದು ಕೇಳಿದಾಗ, ಅವನು ಪತ್ರಿಕೆಯಿಂದ ತಲೆ ಎತ್ತದೆ, "ಹೂಂ, ಪರಿಶೀಲನೆಯಲ್ಲಿದೆ" ಎಂದುಬಿಟ್ಟ. ಮಾತು ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೋಗಲಿಲ್ಲ, ಒಳಗೇ ಹೋಗಲಿಲ್ಲ.

ಆ ಕಾಗದ ಸೋಮವಾರ ಕಚೇರಿ ತಲುಪಿತು. ಬಂದ ಕಾಗದವನ್ನೆಲ್ಲ ಓದಿ, ಟಪಾಲು ಪುಸ್ತಕದಲ್ಲಿ ಒಂದೇ ಸಾಲಿನ ಸಾರಾಂಶ ಬರೆಯುವುದು ಟಪಾಲಿನಾಕೆಯ ಕೆಲಸ. ಸಾಹೇಬರು ಸಾರಾಂಶ ಮಾತ್ರ ಓದುತ್ತಿದ್ದರು. ಪೂರ್ತಿ ಕಾಗದ ಓದಿದರೆ ತಲೆಶೂಲೆ ಬರುತ್ತದೆಂದು ಅವರಿಗೆ ವೈದ್ಯರು ಹೇಳಿದ್ದರಂತೆ. ಯಾವ ವೈದ್ಯರು ಎಂಬುದು ಯಾರಿಗೂ ಗೊತ್ತಿಲ್ಲ. ಟಪಾಲಿನಾಕೆ ಕಾಗದದ ತಲೆಯಿಂದ ಎರಡು ಪದ, ಹೊಟ್ಟೆಯಿಂದ ಎರಡು ಪದ ಹೆಕ್ಕಿ ಬರೆದದ್ದು ಇಷ್ಟು: 'ಅಂತರರಾಷ್ಟ್ರೀಯ. ಪ್ರಾಥಮಿಕ. ಊರು ಹೇಗೆ ನಡೆಯುತ್ತಿದೆ ಎಂಬ ಬಗ್ಗೆ ವಿಚಾರಣೆ. ತಂಡ ಬುಧವಾರ ಬರುತ್ತದೆ. ಕಚೇರಿಯ ಉತ್ತರಾಧಿಕಾರಿ ನೆರವು ನೀಡುತ್ತಾರೆ.'

ಸಾಹೇಬರು ಒಮ್ಮೆ ಓದಿದರು. ಕನ್ನಡಕ ಒರೆಸಿ ಮತ್ತೊಮ್ಮೆ ಓದಿದರು. ಮೂಲ ಕಾಗದ ತರಲು ಹೇಳಿದರೆ ಟಪಾಲಿನಾಕೆ, "ಫೈಲಿಗೆ ಹಾಕಿದೀನಿ ಸಾರ್, ಯಾವ ಫೈಲು ಅಂತ ಹುಡುಕಬೇಕು" ಎಂದಳು. ಆ ಕಚೇರಿಯಲ್ಲಿ ಫೈಲಿಗೆ ಹಾಕಿದ ಕಾಗದ ಬಾವಿಗೆ ಹಾಕಿದ ಹಾಗೆ.

ತಕ್ಷಣ ಸಭೆ ಕರೆದರು. "ನೋಡಿ, ಪ್ರಾಥಮಿಕ ವಿಚಾರಣೆ ಬರ್ತಿದೆ" ಎಂದರು ಸಾಹೇಬರು. "ಇಲ್ಲಿಯವರದ್ದಲ್ಲ. ಅಂತರರಾಷ್ಟ್ರೀಯ."

ರಸ್ತೆ ವಿಭಾಗದ ಮುಖ್ಯಸ್ಥರು ಕುರ್ಚಿಯ ಕೈ ಹಿಡಿದುಕೊಂಡರು. ಕಟ್ಟಡ ವಿಭಾಗದ ಮುಖ್ಯಸ್ಥರಿಗೆ ಕೆಮ್ಮು ಬಂತು, ನಿಲ್ಲಲಿಲ್ಲ.

"ಅದಿರಲಿ" ಎಂದು ಸಾಹೇಬರು ದನಿ ತಗ್ಗಿಸಿದರು. "ನನಗಿನ್ನೂ ನಾಲ್ಕು ವರ್ಷ ಸರ್ವೀಸಿದೆ. ನಾನು ಕೂತಿರುವಾಗಲೇ ನನಗೊಬ್ಬ ಉತ್ತರಾಧಿಕಾರಿ ನೇಮಕ ಆಗಿದಾನೆ. ಈ ಕೋಣೆಯಲ್ಲೇ ಇದಾನೆ. ಯಾರ್ರೀ ಈ ಕಚೇರಿಯ ಉತ್ತರಾಧಿಕಾರಿ?"

ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ನಮ್ಮ ಗುಮಾಸ್ತನಿಗೆ ಕೊನೆಯ ಪದ ಮಾತ್ರ ಕೇಳಿಸಿತು. ತಾನು ಕಷ್ಟಪಟ್ಟು ಕಟ್ಟಿದ ಬಿರುದು ಬೇರೆಯವರ ಬಾಯಲ್ಲಿ, ಅದೂ ಸಾಹೇಬರ ಬಾಯಲ್ಲಿ! ಇಪ್ಪತ್ತೆರಡು ವರ್ಷದ ಮೇಲಾದರೂ ಕಣ್ಣಿಗೆ ಬಿದ್ದೆನಲ್ಲ ಎಂದುಕೊಂಡ. ಎದ್ದು ನಿಂತು ಕೈ ಎತ್ತಿದ.

"ನಾನೇ ಸಾರ್."

ಎಲ್ಲರ ತಲೆಯೂ ಹಿಂದಿನ ಸಾಲಿಗೆ ತಿರುಗಿತು. ಕೆಮ್ಮು ಕೂಡ ನಿಂತಿತ್ತು.

"ಎಷ್ಟು ದಿನದಿಂದ?" ಎಂದರು ಸಾಹೇಬರು, ಮೆಲ್ಲಗೆ.

"ಇಪ್ಪತ್ತೆರಡು ವರ್ಷದಿಂದ ಸಾರ್. ಯಾರಿಗೂ ಹೇಳಿಕೊಂಡಿರಲಿಲ್ಲ."

ಅಂದು ಮಧ್ಯಾಹ್ನ ಅಹವಾಲು ವಿಭಾಗಕ್ಕೆ ಹೊಸ ಫ್ಯಾನು ಬಂತು. ಮೆತ್ತೆ ಹಾಕಿದ ತಿರುಗುವ ಕುರ್ಚಿ ಬಂತು. ಸಾಹೇಬರೇ ಬಂದು, "ಗಾಳಿ ಬರುತ್ತೇನ್ರೀ?" ಎಂದು ವಿಚಾರಿಸಿದರು. ಆಮೇಲೆ ಒಬ್ಬೊಬ್ಬರಾಗಿ ಕದ ತಟ್ಟತೊಡಗಿದರು. ರಸ್ತೆ ವಿಭಾಗದವರು ಬಂದು ಪಾರ್ಕಿನ ಹಿಂದಿನ ರಸ್ತೆ ನಕ್ಷೆಯಲ್ಲಿ ಮಾತ್ರ ಇದೆ ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಕಟ್ಟಡ ವಿಭಾಗದವರು ಬಂದು ರಸ್ತೆ ವಿಭಾಗದವರು ಏನು ಹೇಳಿದರು ಎಂದು ಕೇಳಿದರು. ಟಪಾಲಿನಾಕೆ ಬಂದು ಒಂದೂ ಮಾತಾಡದೆ ಅತ್ತು ಹೋದಳು. ಎಲ್ಲರಿಗೂ ಅವನು ಕೊಟ್ಟ ಅಭಯ ಒಂದೇ: "ಪರಿಶೀಲನೆಯಲ್ಲಿದೆ." ಆ ಮಾತು ಕೇಳಿ ಮೊದಲ ಸಲ ಜನ ನಡುಗಿದರು.

ಸಂಜೆ ಹೊತ್ತಿಗೆ ಅವನಿಗೂ ಅಷ್ಟಿಷ್ಟು ಅರ್ಥವಾಗಿತ್ತು. ಯಾರೋ ದೊಡ್ಡವರು ವಿಚಾರಣೆಗೆ ಬರುತ್ತಿದ್ದಾರೆ. ತಾನು ನೆರವು ನೀಡಬೇಕು. ತಾನು ಸಾಹೇಬರ ಜಾಗಕ್ಕೆ ಬರುವವನಲ್ಲ ಎಂದು ಹೇಳಿಬಿಡಬಹುದಿತ್ತು. ಆದರೆ ಫ್ಯಾನು ತಣ್ಣಗೆ ಬೀಸುತ್ತಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡ. ಆಗಲೇ ಅವನಿಗೆ ಕೆಳಗಿನ ಡ್ರಾಯರು ನೆನಪಾಯಿತು.

ಕೆಳಗಿನ ಡ್ರಾಯರಿನಲ್ಲಿ ಒಂದು ಫೈಲಿತ್ತು. ಊರಿನ ಮೇಲಿನ ಬೀದಿಗೂ ಕೆಳಗಿನ ಬೀದಿಗೂ ನಡುವೆ ಕಲ್ಲಿನ ಮೆಟ್ಟಿಲುಗಳಿವೆ. ಅವುಗಳ ಪಕ್ಕದ ಕಬ್ಬಿಣದ ಕಂಬಿ ಸಡಿಲವಾಗಿದೆ ಎಂದು ಕೆಳಗಿನ ಬೀದಿಯ ಒಬ್ಬ ಹೊಲಿಗೆಯಮ್ಮ ಬರೆದ ದೂರು. ಗುಮಾಸ್ತ ಅದನ್ನು ನಿಯಮದ ಪ್ರಕಾರ ರಸ್ತೆ ವಿಭಾಗಕ್ಕೆ ಕಳಿಸಿದ್ದ. 'ಮೆಟ್ಟಿಲು ರಸ್ತೆಯಲ್ಲ' ಎಂದು ಬರೆದು ಅವರು ವಾಪಸು ಕಳಿಸಿದರು. ಕಟ್ಟಡ ವಿಭಾಗಕ್ಕೆ ಕಳಿಸಿದ. 'ಮೆಟ್ಟಿಲು ಇದೆ, ಕಟ್ಟಡ ಕಾಣುವುದಿಲ್ಲ' ಎಂದು ಅವರೂ ವಾಪಸು ಕಳಿಸಿದರು. ಆಮೇಲೆ ಅದು ಡ್ರಾಯರಿನಲ್ಲೇ ಉಳಿಯಿತು. ಆಕೆ ತಿಂಗಳಿಗೊಂದರಂತೆ ನಲವತ್ಮೂರು ಕಾಗದ ಬರೆದರು. ಅವನು ನಲವತ್ಮೂರು ಉತ್ತರ ಬರೆದ. ಎಂಟು ತಿಂಗಳ ಹಿಂದೆ ಕಾಗದಗಳು ನಿಂತವು. ಫೈಲಿನ ಮೇಲೆ ಅವನು ಬರೆದಿದ್ದ: 'ದೂರುದಾರರು ತೃಪ್ತರಾಗಿರುವಂತೆ ತೋರುತ್ತದೆ.'

ಆ ಫೈಲನ್ನು ಎಲ್ಲಿ ಬಚ್ಚಿಡುವುದು? ಕಪಾಟು ತುಂಬಿತ್ತು. ಕೊನೆಗೆ ಬುಧವಾರ ಬೆಳಗ್ಗೆ ಹೊಸ ಕುರ್ಚಿಯ ಮೆತ್ತೆಯ ಕೆಳಗೆ ತುರುಕಿ ಅದರ ಮೇಲೆ ತಾನೇ ಕೂತ. ನಲವತ್ಮೂರು ಕಾಗದದಷ್ಟು ಎತ್ತರವಾದ.

ಹನ್ನೊಂದು ಗಂಟೆಗೆ ಸಾಹೇಬರು ಕೋಟು ಹಾಕಿಕೊಂಡು ಕಚೇರಿಯ ಮೆಟ್ಟಿಲ ಬಳಿ ನಿಂತರು. ಹಿಂದೆ ಇಡೀ ಕಚೇರಿ, ಶವಯಾತ್ರೆಗೆ ಬಂದವರ ಮುಖಭಾವದಲ್ಲಿ. ಕೆಳಗಿನಿಂದ ಕಲಕಲ ಸದ್ದು ಬಂತು. ಹತ್ತೊಂಬತ್ತು ಮಕ್ಕಳು ಮೇಲೆ ಬಂದರು. ಕೈಯಲ್ಲಿ ಬಣ್ಣಬಣ್ಣದ ಚೀಟಿಗಳು. ಹಿಂದೆ ಟೀಚರಮ್ಮ.

ಸಾಹೇಬರು ಮಕ್ಕಳ ತಲೆಯ ಮೇಲಿಂದ ಇಣುಕಿದರು. ಯಾರೂ ಇಲ್ಲ. "ದೊಡ್ಡವರು ಎಲ್ಲಿ?"

"ಬೇರೆ ಯಾರೂ ಇಲ್ಲ ಸಾರ್. ವಿಚಾರಣೆ ಮಕ್ಕಳೇ ನಡೆಸ್ತಾರೆ."

ಸಾಹೇಬರಿಗೆ ಇದು ಹೊಸ ತಂತ್ರವೆನ್ನಿಸಿತು. ಅಂತರರಾಷ್ಟ್ರೀಯ ಮಟ್ಟದಲ್ಲಿ ಹೀಗೂ ಇರಬಹುದು. ಮಕ್ಕಳ ಎದುರು ಯಾರು ತಾನೇ ಸುಳ್ಳು ಹೇಳಿಯಾರು? ಕೈ ಮುಗಿದು, "ಕೇಳಿ, ಏನು ಬೇಕಾದರೂ ಕೇಳಿ" ಎಂದರು.

ಎರಡು ಜಡೆಯ ಹುಡುಗಿಯೊಬ್ಬಳು ಚೀಟಿ ನೋಡಿಕೊಂಡು ಕೇಳಿದಳು. "ನೀವು ದಿನಾ ಏನು ಮಾಡ್ತೀರಿ ಅಂಕಲ್?"

ಸಾಹೇಬರು ಕೋಟಿನ ಗುಂಡಿ ಸರಿಮಾಡಿಕೊಂಡರು. ಮೂವತ್ತು ವರ್ಷದ ಸರ್ವೀಸಿನಲ್ಲಿ ಈ ಪ್ರಶ್ನೆಯನ್ನು ಅವರನ್ನು ಯಾರೂ ಕೇಳಿರಲಿಲ್ಲ. "ನಾನು... ಬೇರೆಯವರು ಮಾಡ್ತಾರಾ ಅಂತ ನೋಡ್ತೀನಿ."

"ಮಾಡ್ತಾರಾ?"

ರಸ್ತೆ ವಿಭಾಗದವರಿಗೆ ಇನ್ನು ತಡೆಯಲಾಗಲಿಲ್ಲ. "ಆ ಪಾರ್ಕಿನ ಹಿಂದಿನ ರಸ್ತೆ ಇಲ್ಲವೇ ಇಲ್ಲ, ಒಪ್ಪಿಕೊಳ್ತೀನಿ!" ಎಂದು ಕೂಗಿದರು. ಮಕ್ಕಳು ಅದನ್ನು ಬರೆದುಕೊಂಡರು.

ಅಷ್ಟರಲ್ಲಿ ಟಪಾಲಿನಾಕೆ ಏದುಸಿರು ಬಿಡುತ್ತ ಮೂಲ ಕಾಗದ ಹಿಡಿದು ಓಡಿಬಂದಳು. ಸಾಹೇಬರು ವೈದ್ಯರ ಸಲಹೆ ಮೀರಿ ಅದನ್ನು ಪೂರ್ತಿ ಓದಿದರು. ಶಾಲೆ. ಮೂರನೇ ತರಗತಿ. ಕಲಿಕೆ. ಅವರ ಮುಖಕ್ಕೆ ರಕ್ತ ವಾಪಸು ಬಂತು; ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಬಂತು.

"ಉತ್ತರಾಧಿಕಾರಿ ಎಲ್ಲಿ?" ಎಂದು ಗುಡುಗಿ ಅಹವಾಲು ವಿಭಾಗದ ಕಡೆ ನಡೆದರು. ಮಕ್ಕಳು, ಟೀಚರು, ಮುಖ್ಯಸ್ಥರು, ಎಲ್ಲರೂ ಹಿಂದೆ.

ಗುಮಾಸ್ತ ಕುರ್ಚಿಯಲ್ಲಿ ಕೂತಿದ್ದ. ಸಾಹೇಬರು ಬಂದರೂ ಏಳಲಿಲ್ಲ. ಏಳುವಂತಿರಲಿಲ್ಲ.

"ಏಳ್ರೀ ಮೇಲೆ!"

"ಆಗಲ್ಲ ಸಾರ್."

ಮಕ್ಕಳ ಗುಂಪಿನಿಂದ ಒಂದು ತಲೆ ಮುಂದೆ ಬಂತು. ಅವನ ಮಗಳು. ಮನೆಯ ಕಪಾಟು, ಕಚೇರಿಯ ಕಪಾಟು ಎರಡೂ ಒಟ್ಟಿಗೇ ತೆರೆದುಕೊಂಡು ಸಾಮಾನೆಲ್ಲ ನೆಲಕ್ಕೆ ಬಿದ್ದ ಹಾಗಾಯಿತು.

"ಅಪ್ಪಾ, ನೀನು ಯಾಕೆ ಇಷ್ಟು ಎತ್ತರ ಕಾಣ್ತಿದೀಯ?" ಎಂದಳು ಮಗಳು. ಉತ್ತರಕ್ಕೆ ಕಾಯದೆ, ಶಾಲೆಯಲ್ಲಿ ಕಲಿಸಿದಂತೆ ತಾನೇ ಬಗ್ಗಿ ನೋಡಿದಳು. ಮೆತ್ತೆಯ ಕೆಳಗಿನಿಂದ ಒಂದು ಕಾಗದದ ತುದಿ ಇಣುಕುತ್ತಿತ್ತು.

ಹೀಗೆ ಆ ಫೈಲು ಹೊರಗೆ ಬಂತು. ಮಕ್ಕಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕಾಗದಗಳನ್ನು ದಿನಾಂಕದ ಪ್ರಕಾರ ಜೋಡಿಸಿ, ಸರದಿಯ ಮೇಲೆ ಓದತೊಡಗಿದರು. ಸಾಹೇಬರು ತಡೆಯಲು ಹೋದರು. "ಮಕ್ಕಳು ಕಲೀತಿದಾರೆ ಸಾರ್" ಎಂದು ಟೀಚರಮ್ಮ ಮೆಲ್ಲಗೆ ಹೇಳಿದರು. ಆ ಮಾತಿನ ಮುಂದೆ ಏನು ಹೇಳಬೇಕೆಂದು ಯಾವ ನಿಯಮದಲ್ಲೂ ಇರಲಿಲ್ಲ.

ಮೊದಲ ಕಾಗದದಲ್ಲಿ, ಒಂಬತ್ತನೇ ಮೆಟ್ಟಿಲ ಬಳಿ ಕಂಬಿಯ ಒಂದು ಬೋಲ್ಟು ಸಡಿಲವಾಗಿದೆ ಎಂದಿತ್ತು. ಐದನೆಯದರಲ್ಲಿ ಬೋಲ್ಟು ಬಿದ್ದುಹೋಗಿತ್ತು. ಹನ್ನೆರಡನೆಯದರಲ್ಲಿ ಕಂಬಿ ಅಲ್ಲಾಡುತ್ತಿತ್ತು. ಇಪ್ಪತ್ತನೆಯದು: 'ನಾನೇ ಕೆಂಪು ಬಟ್ಟೆಯ ಚೂರುಗಳಿಂದ ಬಿಗಿದು ಕಟ್ಟಿದ್ದೇನೆ. ಕೆಂಪು ಯಾಕೆಂದರೆ ಜನರಿಗೆ ಕಾಣಲಿ ಅಂತ.' ಮೂವತ್ತೊಂದನೆಯದು: 'ಬಟ್ಟೆ ಬಿಸಿಲಿಗೆ ಬಿಳಿಚಿದೆ, ಬದಲಾಯಿಸಿದ್ದೇನೆ.' ನಲವತ್ಮೂರನೆಯದು ಎರಡೇ ಸಾಲು: 'ಮಳೆ ಬಂದರೆ ಕಲ್ಲು ಜಾರುತ್ತದೆ. ನನಗೆ ವಯಸ್ಸಾಯಿತು.'

ಓದುತ್ತಿದ್ದ ಹುಡುಗಿ ತಲೆ ಎತ್ತಿದಳು. "ನಲವತ್ನಾಲ್ಕನೇದು ಎಲ್ಲಿ?"

"ಬರಲಿಲ್ಲ" ಎಂದ ಗುಮಾಸ್ತ.

"ಯಾಕೆ?"

ಈ ಪ್ರಶ್ನೆಯನ್ನು ಅವನು ತನಗೆ ತಾನು ಕೇಳಿಕೊಂಡಿರಲಿಲ್ಲ.

"ಹೋಗಿ ನೋಡೋಣ್ವಾ?" ಎಂದಳು ಅವನ ಮಗಳು, ಟೀಚರನ್ನು ನೋಡುತ್ತ.

ನಡೆದರೆ ಹತ್ತು ನಿಮಿಷದ ದಾರಿ. ಇಪ್ಪತ್ತೆರಡು ವರ್ಷ ಆ ಕಚೇರಿಯಲ್ಲಿ ಕೂತವನು ಆ ಮೆಟ್ಟಿಲುಗಳನ್ನು ಅಂದೇ ಮೊದಲ ಸಲ ಕಂಡ. ಒಂಬತ್ತನೇ ಮೆಟ್ಟಿಲ ಬಳಿ ಕಂಬಿ ಪೂರ್ತಿ ಹೊರಗೆ ವಾಲಿತ್ತು. ಬಟ್ಟೆಯ ಗಂಟು ಹಾಗೇ ಇತ್ತು. ಬಣ್ಣ ಯಾವುದೆಂದು ಹೇಳಲಾಗದಷ್ಟು ಮಾಸಿತ್ತು. ಎಂಟು ತಿಂಗಳಿನಿಂದ ಅದನ್ನು ಯಾರೂ ಬದಲಾಯಿಸಿರಲಿಲ್ಲ.

ಮೆಟ್ಟಿಲ ಬುಡದ ಮನೆಯ ಕದ ತಟ್ಟಿದಾಗ, "ತೆಗೆದೇ ಇದೆ, ಬನ್ನಿ" ಎಂದು ಒಳಗಿನಿಂದ ದನಿ ಬಂತು. ಕಿಟಕಿ ಪಕ್ಕದ ಮಂಚದ ಮೇಲೆ ಒಬ್ಬ ವಯಸ್ಸಾದ ಹೆಂಗಸು ದಿಂಬಿಗೆ ಒರಗಿ ಕೂತಿದ್ದರು. ಹೊಲಿಗೆ ಯಂತ್ರವನ್ನು ಗೋಡೆಗೆ ಸರಿಸಿ ಬಟ್ಟೆ ಮುಚ್ಚಿದ್ದರು. ಹತ್ತೊಂಬತ್ತು ಮಕ್ಕಳು ಆ ಪುಟ್ಟ ಕೋಣೆ ತುಂಬಿದರು. ಸಾಹೇಬರಿಗೆ ಹೊಸ್ತಿಲಲ್ಲಷ್ಟೇ ಜಾಗ ಸಿಕ್ಕಿತು.

"ಅಜ್ಜಿ, ನಲವತ್ನಾಲ್ಕನೇ ಕಾಗದ ಯಾಕೆ ಬರೀಲಿಲ್ಲ?"

ಹೊಲಿಗೆಯಮ್ಮ ಮಕ್ಕಳನ್ನು ಒಬ್ಬೊಬ್ಬರಾಗಿ ನೋಡಿದರು. "ಬರೆದಿದ್ದೆನಲ್ಲ. ಪೋಸ್ಟ್ ಡಬ್ಬ ಮೇಲಿನ ಬೀದೀಲಿದೆ. ಹಾಕೋಣ ಅಂತ ಹೊರಟೆ. ಒಂಬತ್ತನೇ ಮೆಟ್ಟಿಲವರೆಗೆ ಹೋದೆ." ಸೊಂಟದ ಮೇಲೆ ಕೈ ಇಟ್ಟುಕೊಂಡರು. "ಮೂಳೆ ಮುರೀತು. ಕಾಗದ ಚರಂಡಿಗೆ ಹೋಯ್ತು."

ಆಕೆ ತಲೆದಿಂಬಿನ ಪಕ್ಕದಿಂದ ಒಂದು ಕಟ್ಟು ತೆಗೆದರು. ನಲವತ್ಮೂರು ಉತ್ತರಗಳು, ಹೊಲಿಗೆ ದಾರದಲ್ಲಿ ಪೋಣಿಸಿದ್ದವು. "ಎಲ್ಲ ಇಟ್ಟಿದೀನಿ. ನಲವತ್ಮೂರು ಸಲ ಪರಿಶೀಲನೆ ಮಾಡಿದಾರೆ. ಇಷ್ಟು ಪರಿಶೀಲನೆ ನನ್ನ ಮದುವೆಗೂ ಮಾಡಿರಲಿಲ್ಲ." ನಂತರ ಬಾಗಿಲ ಕಡೆ ನೋಡಿದರು. "ಸಹಿ ಮಾತ್ರ ಮುತ್ತಿನ ಹಾಗಿದೆ. ನಿಮ್ಮಲ್ಲಿ ಆ ಸಹಿಯವರು ಯಾರು?"

ಸಾಹೇಬರು ಕೂಡಲೇ ಪಕ್ಕಕ್ಕೆ ಸರಿದು ಬೆರಳು ತೋರಿಸಿದರು. ಅವರ ಇಡೀ ಸರ್ವೀಸಿನಲ್ಲಿ ಇಷ್ಟು ಬೇಗ ಯಾವ ಕೆಲಸವೂ ಆಗಿರಲಿಲ್ಲ.

"ನಮ್ಮಪ್ಪ" ಎಂದಳು ಮಗಳು. ತಲೆ ತಗ್ಗಿಸಿ ಹೇಳಿದಳು.

ಗುಮಾಸ್ತ ಏನಾದರೂ ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದದ್ದು ಅದೇ ಹಳೆಯ ಎರಡು ವಾಕ್ಯ. ಅವನ್ನು ನುಂಗಿಕೊಂಡ. ನುಂಗಿದ ಮೇಲೆ ಒಳಗೆ ಬೇರೆ ಯಾವ ವಾಕ್ಯವೂ ಇಲ್ಲವೆಂದು ತಿಳಿದು ಗಾಬರಿಯಾದ.

"ನೀವೇನು ಬಂದು ತಳ್ಳಲಿಲ್ಲ, ಬಿಡಿ" ಎಂದರು ಹೊಲಿಗೆಯಮ್ಮ. ಸಮಾಧಾನ ಹೇಳಿದರೋ, ಚುಚ್ಚಿದರೋ, ಅವನಿಗೆ ಗೊತ್ತಾಗಲಿಲ್ಲ.

ಹೊರಗೆ ಬಂದ ಮೇಲೆ ಮೆಟ್ಟಿಲು ರಸ್ತೆಗೆ ಸೇರಿದ್ದೋ ಕಟ್ಟಡಕ್ಕೆ ಸೇರಿದ್ದೋ ಎಂದು ಇಬ್ಬರು ಮುಖ್ಯಸ್ಥರ ನಡುವೆ ಅಲ್ಲೇ ವಾದ ಎದ್ದಿತು. ಎರಡು ಜಡೆಯ ಹುಡುಗಿ ಅಡ್ಡ ಬಂದಳು. "ಅಂಕಲ್, ಅಲ್ಲಿಂದ ಬಿದ್ದರೆ ರಸ್ತೆ ಮೇಲೆ ಬೀಳ್ತೀವಾ, ಕಟ್ಟಡದ ಮೇಲೆ ಬೀಳ್ತೀವಾ?" ರಸ್ತೆ ವಿಭಾಗದವರು ಸೋತರು. ಮರುದಿನವೇ ಒಬ್ಬ ವೆಲ್ಡಿಂಗಿನವನು ಬಂದ. ಕೆಲಸಕ್ಕೆ ಹಿಡಿದದ್ದು ಮೂವತ್ತೈದು ನಿಮಿಷ. ಅದರಲ್ಲಿ ಹತ್ತು ನಿಮಿಷ ಅವನು ಚಹಾ ಕುಡಿದ.

ಆ ಮೂವತ್ತೈದು ನಿಮಿಷವೇ ಗುಮಾಸ್ತನ ನಿದ್ದೆ ಕೆಡಿಸಿತು. ಮಗಳು ಬೈಯಲಿಲ್ಲ, ಅಳಲಿಲ್ಲ. ಪ್ರಶ್ನೆ ಕೇಳುವುದನ್ನು ನಿಲ್ಲಿಸಿದಳು, ಅಷ್ಟೆ. ಅಮ್ಮನನ್ನು ಕೇಳುತ್ತಿದ್ದಳು, ಅಜ್ಜಿಯನ್ನು ಕೇಳುತ್ತಿದ್ದಳು. ಅಪ್ಪನ ಹತ್ತಿರ ಬಂದಾಗ ಸುಮ್ಮನಾಗುತ್ತಿದ್ದಳು. ಪೆನ್ಸಿಲು ಸಿಗದಿದ್ದರೂ ತಾನೇ ಹುಡುಕಿಕೊಳ್ಳುತ್ತಿದ್ದಳು. ಎಂಟು ದಿನ ಹೀಗೇ ಕಳೆಯಿತು.

"ಮಗು ಏನಾದರೂ ಕೇಳಿದರೆ ತಲೆ ತಿಂತಾಳೆ ಅಂತಿದ್ದೆ" ಎಂದರು ಅತ್ತೆ. "ನಿಮ್ಮನ್ನು ಬಿಟ್ಟಿದಾಳಲ್ಲ, ಅದು ನೋಡೋಕಾಗಲ್ಲ ಅಳಿಯಂದಿರೇ. ನನ್ನ ಜೊತೆ ಬೇಕಾದರೆ ಕಾಳೆಣಿಸೋಕೆ ಬನ್ನಿ."

ಅವನು ಹೋಗಿ ಕೂತ. ಐವತ್ತಾರೇ ಬಂತು. ಯಾರಿಗೂ ಸಂತೋಷವಾಗಲಿಲ್ಲ.

ಅತ್ತ ಕಚೇರಿಯಲ್ಲಿ ಫ್ಯಾನು ಬಂದ ದಾರಿಯಲ್ಲೇ ಹಿಂದಿರುಗಿತು. ಕುರ್ಚಿಯೂ ಹೋಯಿತು. ಅವನ ಮೇಲೆ ನಿಜವಾದ ವಿಚಾರಣೆ ಶುರುವಾಗಿ, ನಲವತ್ಮೂರು ಕಾಗದಗಳ ಬಗ್ಗೆ ಮೂರು ದಿನದೊಳಗೆ ಲಿಖಿತ ಉತ್ತರ ಕೊಡಬೇಕೆಂದು ಆದೇಶ ಬಂತು. ರಸ್ತೆ ವಿಭಾಗದವರು ಪಕ್ಕಕ್ಕೆ ಕರೆದು ಸಲಹೆ ಕೊಟ್ಟರು. "ಪತ್ರಗಳು ಸ್ಥಳಾಂತರದಲ್ಲಿ ತಪ್ಪಿಹೋಗಿದ್ದವು ಅಂತ ಬರೀರಿ. ಎಲ್ಲರೂ ಅದನ್ನೇ ಬರೆಯೋದು." ಕಟ್ಟಡ ವಿಭಾಗದವರು, "ರಸ್ತೆ ವಿಭಾಗದ ಲೋಪ ಅಂತ ಬರೀರಿ" ಎಂದರು.

ಅವನು ಒಂದು ಹಾಳೆ ತೆಗೆದುಕೊಂಡ. ಮೂರು ಸಲ ಅಭ್ಯಾಸಬಲದಿಂದ 'ಪರಿ' ಎಂದು ಬರೆದು ಹೊಡೆದುಹಾಕಿದ. ನಾಲ್ಕನೇ ಸಲ ಬರೆದದ್ದು ಹೀಗಿತ್ತು: 'ಎಲ್ಲ ಕಾಗದಗಳನ್ನೂ ನಾನು ಓದಿದ್ದೆ. ಮೆಟ್ಟಿಲು ನೋಡಲು ಹೋಗಲಿಲ್ಲ. ಹತ್ತು ನಿಮಿಷದ ದಾರಿ. ಆಕೆ ಬಿದ್ದರು. ತಪ್ಪು ನನ್ನದು.'

ಸಾಹೇಬರು ಓದಿ ದಿಗಿಲುಬಿದ್ದರು. "ಏನ್ರೀ ಇದು? ಇದಕ್ಕೆ ನಾನು ಏನು ಬರೀಲಿ? ತಪ್ಪು ಅಂತ ಬರೆದುಬಿಟ್ಟರೆ ಮುಂದೆ ಮಾಡೋಕೆ ನಿಯಮವೇ ಇಲ್ಲ! ನಾವು ವಿಚಾರಣೆ ಮಾಡೋದು ಯಾಕೆ ಹಾಗಾದರೆ?" ಮೇಲಿನವರಿಗೆ ಕಳಿಸಿದರು. ಮೇಲಿನವರೂ ತಬ್ಬಿಬ್ಬಾಗಿ ಇನ್ನೂ ಮೇಲಿನವರಿಗೆ ಕಳಿಸಿದರು. ಕೊನೆಗೆ ಅವನನ್ನು ಅಹವಾಲು ವಿಭಾಗದಿಂದ ತೆಗೆದು, ಮುರಿದದ್ದನ್ನು ಹುಡುಕುತ್ತ ಬೀದಿ ಬೀದಿ ನಡೆಯುವ ಕೆಲಸಕ್ಕೆ ಹಾಕಿದರು. ಬಿಸಿಲಲ್ಲಿ ನಡೆಯುವ ಕೆಲಸ. ಐವತ್ತರ ಹತ್ತಿರದವನಿಗೆ ಅದು ಶಿಕ್ಷೆಯೇ. ಸಹಿಯ ಅಗತ್ಯವೇ ಇಲ್ಲದ ಕೆಲಸ.

ತನ್ನ ಉತ್ತರದ ಪ್ರತಿಯನ್ನು ಅವನು ಬರೆದ ದಿನವೇ ಮನೆಗೆ ತಂದು ಊಟದ ಮೇಜಿನ ಮೇಲಿಟ್ಟ. ಮಗಳು ಬಂದು ಓದಿದಳು. ಎರಡು ಸಲ ಓದಿದಳು. ಒಂಬತ್ತನೇ ದಿನ ಅವಳು ಅಪ್ಪನನ್ನು ಒಂದು ಪ್ರಶ್ನೆ ಕೇಳಿದಳು.

"ಇದನ್ನು ಆ ಅಜ್ಜಿಗೆ ಓದಿ ಹೇಳಿದ್ಯಾ ಅಪ್ಪಾ?"

"ಇಲ್ಲ."

ಶನಿವಾರ ಬೆಳಗ್ಗೆ ಇಬ್ಬರೂ ಹೋದರು. ಅವನು ಮಂಚದ ಪಕ್ಕ ನಿಂತು, ಪಾಠ ಒಪ್ಪಿಸುವವನ ಹಾಗೆ ಐದು ವಾಕ್ಯ ಓದಿದ. ಹೊಲಿಗೆಯಮ್ಮ ಕೇಳಿಸಿಕೊಂಡರು. "ಇದು ಒಂದೇ ಸಲ ಸಾಕಿತ್ತು" ಎಂದರು. ಆಮೇಲೆ, "ಕಂಬಿ ಹಾಕಿದಾರಂತೆ. ಈ ಕಿಟಕಿಗೆ ಕಾಣಲ್ಲ. ನನ್ನನ್ನು ಬಾಗಿಲವರೆಗೆ ಕರಕೊಂಡು ಹೋಗಿ" ಎಂದರು.

ವಾಕರ್ ಹಿಡಿದು, ಒಂದೊಂದೇ ಹೆಜ್ಜೆ ಇಟ್ಟು, ಆಕೆ ಹೊಸ್ತಿಲಿಗೆ ಬರುವಷ್ಟರಲ್ಲಿ ಹಣೆಯಲ್ಲಿ ಬೆವರು ಮೂಡಿತ್ತು. ಮೆಟ್ಟಿಲ ಬುಡಕ್ಕೆ ಇನ್ನು ನಾಲ್ಕೇ ಮಾರು. ಆಕೆ ಅಲ್ಲೇ ನಿಂತರು.

"ಹೋಗಿ ಅಲ್ಲಾಡಿಸಿ."

ಅವನು ಒಂಬತ್ತು ಮೆಟ್ಟಿಲು ಹತ್ತಿ ಕಂಬಿ ಹಿಡಿದು ಅಲ್ಲಾಡಿಸಿದ.

"ಹಾಗಲ್ಲ. ಬೀಳುವವರು ಹಿಡಿಯೋ ಹಾಗೆ."

ಅವನು ಎರಡೂ ಕೈಯಿಂದ ಹಿಡಿದು ಮೈಭಾರವೆಲ್ಲ ಬಿಟ್ಟು ಜಗ್ಗಿದ. ಎದುರು ಮನೆಯ ಕಿಟಕಿಯಲ್ಲಿ ಎರಡು ತಲೆ ಕಾಣಿಸಿಕೊಂಡವು. ಮೇಲಿನ ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ತಲೆಕೆಟ್ಟ ಯಾವನೋ ಊರಿನ ಕಂಬಿ ಕೀಳುತ್ತಿದ್ದಾನೆಂದು ಒಬ್ಬರು ಕೂಗಿಯೂ ಹೇಳಿದರು. ಅವನು ಬಿಡಲಿಲ್ಲ. ಅಂಗಿ ಬೆನ್ನಿಗಂಟಿತು, ಅಂಗೈ ಕೆಂಪಾಯಿತು. ಕಂಬಿ ಕೂದಲೆಳೆಯಷ್ಟೂ ಕದಲಲಿಲ್ಲ.

"ಗಟ್ಟಿಯಾಗಿದೆ!" ಎಂದು ಅಲ್ಲಿಂದಲೇ ಕೂಗಿದ.

"ಗೊತ್ತಾಯ್ತು" ಎಂದರು ಹೊಲಿಗೆಯಮ್ಮ.

ಆಕೆ ಮೆಟ್ಟಿಲವರೆಗೆ ಬರುತ್ತಾರೆಂದು ಅವನು ಕಾದ. ಮಗಳೂ ವಾ‌ಕರಿನ ಪಕ್ಕ ಕೈ ಚಾಚಿ ಕಾದಳು. ಹೊಲಿಗೆಯಮ್ಮ ಮೆಟ್ಟಿಲುಗಳನ್ನು ಬುಡದಿಂದ ತುದಿಯವರೆಗೆ ಒಮ್ಮೆ ನಿಧಾನವಾಗಿ ನೋಡಿದರು. ಆಮೇಲೆ ವಾಕರ್ ತಿರುಗಿಸಿಕೊಂಡು, ಒಂದೊಂದೇ ಹೆಜ್ಜೆ ಇಟ್ಟು, ಒಳಗೆ ಹೋದರು.